ಪುಲಿಟ್ಜರ್ ಬೆನ್ನಿಗೆ ಅಂಟಿದ್ದ ಹಿಟ್ಟಿನ ಗಂಜಿ

ಹಳೇ ಸಿಗರೇಟು ಕಾರ್ಡು ಅಂಟಿಸಿದ್ದ ಆಲ್ಬಮ್ ಹಾಳೆ ಕೈಗೆ ಬಂದಾಗ ಅದರಲ್ಲಿ ನಾಲ್ಕು ಕಾರ್ಡಿನ ಜಾಗ ಇತ್ತು, ಇದ್ದದ್ದು ಮೂರೇ ಕಾರ್ಡು. ನಾಲ್ಕನೆಯದನ್ನು ಯಾರೋ ಯಾವಾಗಲೋ ಕಿತ್ತಿದ್ದಾರೆ. ಕಿತ್ತ ರಭಸಕ್ಕೆ ಅದರ ಬೆನ್ನಿನ ಸಿಪ್ಪೆ ಹಾಳೆಯಲ್ಲೇ ಉಳಿದುಬಿಟ್ಟಿದೆ. ನಡುವೆ ಅಂಟಿಸಿದ ಒಂದು ಗುಲಾಬಿ ಹೂವಿನ ಚಿತ್ರ ಬೇರೆ. ಹಳೇ ಸಾಮಾನಿನ ಅಂಗಡಿಯವರು ಒಂದಿಡೀ ಆಲ್ಬಮ್ಮನ್ನು ಬಿಚ್ಚಿ, ಹಾಳೆಗಿಷ್ಟು ಅಂತ ಮಾರುತ್ತಿದ್ದರು. ನೋಡಿ ಬೇಜಾರಾಯಿತು, ಆದರೂ ಒಂದು ಹಾಳೆ ಕೊಂಡೆ.

ಮೂರು ಕಾರ್ಡಿನಲ್ಲೂ ಇರುವುದು ಪತ್ರಿಕಾ ಸಂಪಾದಕರು. ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯ ಜೋಸೆಫ್ ಪುಲಿಟ್ಜರ್, ಅದೇ ಊರಿನ 'ಸನ್' ಪತ್ರಿಕೆಯ ಚಾರ್ಲ್ಸ್ ಡೇನಾ, ಕೆಂಟಕಿ ರಾಜ್ಯದ ಲೂಯಿವಿಲ್‌ನಿಂದ ಬರುತ್ತಿದ್ದ 'ಕೊರಿಯರ್-ಜರ್ನಲ್'ನ ಹೆನ್ರಿ ವಾಟರ್ಸನ್. 1887ರಲ್ಲಿ ಆಲನ್ ಆಂಡ್ ಗಿಂಟರ್ ಅನ್ನುವ ಕಂಪನಿ ಸಿಗರೇಟು ಪ್ಯಾಕಿನೊಳಗೆ ಇಟ್ಟು ಕೊಟ್ಟ ಕಾರ್ಡುಗಳಿವು. 'ಅಮೆರಿಕನ್ ಎಡಿಟರ್ಸ್' ಅಂತ ಸರಣಿಯ ಹೆಸರು, ಒಟ್ಟು 50 ಜನ. ಕಂಪನಿ ಇದ್ದದ್ದು ವರ್ಜೀನಿಯಾದ ರಿಚ್ಮಂಡಿನಲ್ಲಿ, ಅಂದರೆ ನಾನೀಗ ಇರುವ ಊರಲ್ಲೇ. ಇಲ್ಲಿನ ನದಿ ದಂಡೆಯ ಹಳೇ ತಂಬಾಕು ಗೋದಾಮುಗಳೆಲ್ಲ ಈಗ ಅಪಾರ್ಟ್‌ಮೆಂಟು. ಗಿಂಟರ್ ಹೆಸರಲ್ಲಿ ಒಂದು ದೊಡ್ಡ ಸಸ್ಯೋದ್ಯಾನ ಇದೆ, ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಹೋಗಿದ್ದೇವೆ. ಆ ದುಡ್ಡು ಸಿಗರೇಟಿನದ್ದು ಅಂತ ನನಗೆ ಹೊಳೆದದ್ದೇ ಈ ಹಾಳೆ ತಂದ ಮೇಲೆ.

ಆಗಿನ ಸಿಗರೇಟು ಪ್ಯಾಕು ತೆಳು ಕಾಗದದ್ದು. ಒಳಗೆ ಒಂದು ಗಟ್ಟಿ ರಟ್ಟು ಇಟ್ಟರೆ ಸಿಗರೇಟು ಮುರಿಯುವುದಿಲ್ಲ. ಹೇಗೂ ರಟ್ಟು ಇಡಬೇಕು, ಅದರ ಮೇಲೊಂದು ಚಿತ್ರ ಹಾಕಿದರೆ ಗಿರಾಕಿ ಇನ್ನೊಂದು ಪ್ಯಾಕು ಕೊಳ್ಳುತ್ತಾನೆ, ಅಷ್ಟೇ ಲೆಕ್ಕ. ನಾವು ಚಿಕ್ಕವರಿದ್ದಾಗ ಕ್ರಿಕೆಟ್ ಆಟಗಾರರ ಚಿತ್ರಕ್ಕೋಸ್ಕರ ಬಬಲ್‌ಗಮ್ ಕೊಳ್ಳುತ್ತಿದ್ದೆವಲ್ವಾ, ಅದೇ ಕಥೆ. ಇದೇ ಕಂಪನಿ ಅದೇ ವರ್ಷ ಬೇಸ್‌ಬಾಲ್ ಆಟಗಾರರು, ಕುಸ್ತಿಪಟುಗಳು ಇದ್ದ ಇನ್ನೊಂದು ಸರಣಿಯನ್ನೂ ತಂದಿತ್ತು. ಅವಕ್ಕೆ ಈಗ ಬೆಂಕಿ ರೇಟು. ಸಂಪಾದಕರನ್ನು ಯಾರು ಕೇಳುತ್ತಾರೆ, ಹಾಗಾಗಿ ನನ್ನ ಕೈಗೆಟುಕಿತು.

ಕೆಲಸ ಏನು ಅಂದರೆ, ಈ ಕಾರ್ಡುಗಳ ಬೆನ್ನ ಮೇಲೆ ಸರಣಿಯ ಐವತ್ತೂ ಹೆಸರಿನ ಪಟ್ಟಿ ಅಚ್ಚಾಗಿದೆ. ಆಲ್ಬಮ್ಮಿಗೆ ಅಂಟಿಸಿದವರಿಗೆ ಮುಖ ಸಾಕಿತ್ತು, ಬೆನ್ನು ಬೇಡವಾಗಿತ್ತು. ನನಗೆ ಬೆನ್ನು ಬೇಕು. ಜೊತೆಗೆ ಆ ಆಲ್ಬಮ್ ಹಾಳೆ ಮರದ ತಿರುಳಿನ ಅಗ್ಗದ ಕಾಗದ. ಕಂದು ತಿರುಗಿ, ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಅದರ ಆಮ್ಲ ಕಾರ್ಡಿಗೂ ಇಳಿಯುತ್ತದೆ. ಆಲ್ಬಮ್ ಇಡಿಯಾಗಿ ಇದ್ದಿದ್ದರೆ ನಾನು ಖಂಡಿತ ಮುಟ್ಟುತ್ತಿರಲಿಲ್ಲ. ಯಾರೋ ಒಬ್ಬರು ನೂರು ವರ್ಷದ ಹಿಂದೆ ಕೂತು ಜೋಡಿಸಿದ್ದನ್ನು ಕೀಳುವುದು ಸರಿಯಲ್ಲ. ಆದರೆ ಅದಾಗಲೇ ಬಿಡಿ ಹಾಳೆಯಾಗಿತ್ತು.

ಮೊದಲು ಅಸಲಿಯೋ ನಕಲಿಯೋ ಅಂತ ನೋಡಬೇಕಿತ್ತು, ಯಾಕೆಂದರೆ ಈ ಸರಣಿಗಳ ಮರುಮುದ್ರಣ ಬೇಕಾದಷ್ಟಿವೆ. ಕಾರ್ಡಿನ ಅಳತೆ ಸುಮಾರು 38 ಮಿ.ಮೀ. ಅಗಲ, 70 ಮಿ.ಮೀ. ಉದ್ದ, ಸರಿಯಿತ್ತು. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಪುಲಿಟ್ಜರ್‌ನ ಗಡ್ಡ ನೋಡಿದೆ. ಈಗಿನ ಆಫ್‌ಸೆಟ್ ಮುದ್ರಣವಾದರೆ ಬಣ್ಣದ ಚುಕ್ಕಿಗಳು ಸಾಲಾಗಿ, ರಂಗೋಲಿಯ ಹಾಗೆ ಲೆಕ್ಕದಲ್ಲಿ ಕೂತಿರುತ್ತವೆ. ಇಲ್ಲಿ ಹಾಗಿಲ್ಲ. ಒಂದು ಚುಕ್ಕಿ ದಪ್ಪ, ಒಂದು ಸಣ್ಣ, ಕೆನ್ನೆಯ ಹತ್ತಿರ ಒತ್ತೊತ್ತಾಗಿ, ಹಣೆಯಲ್ಲಿ ದೂರದೂರ. ಕ್ರೋಮೊಲಿಥೋಗ್ರಫಿ ಅಂದರೆ ಇದೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕಲ್ಲಿನ ಮೇಲೆ ಯಾರೋ ಕೂತು ಕೈಯಲ್ಲಿ ಚುಕ್ಕಿ ಇಟ್ಟಿದ್ದಾರೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿದೆ. ಈಗಿನ ಬಿಳಿ ಕಾಗದದಲ್ಲಿ ಹೊಳಪಿನ ರಾಸಾಯನಿಕ ಇರುತ್ತದೆ, ಹಾಗಾಗಿ ನೀಲಿಯಾಗಿ ಫಳಫಳ ಅನ್ನುತ್ತದೆ. ಪಕ್ಕದಲ್ಲಿ ಇಟ್ಟಿದ್ದ ದಿನಸಿ ರಸೀದಿ ಹಾಗೆ ಹೊಳೆಯಿತು. ಸಂಪಾದಕರು ಮೂವರೂ ಮಂಕಾಗಿ ಕೂತಿದ್ದರು. ಅಸಲಿ.

ಎರಡನೆಯದು, ಅಂಟು ಯಾವುದು? ಪ್ರಾಣಿ ಮೂಳೆಯ ಸರೇಸು ಆಗಿದ್ದರೆ ಒಂದು ದಾರಿ, ಹಿಟ್ಟಿನ ಅಂಟಾದರೆ ಇನ್ನೊಂದು. ಇದಕ್ಕೆ ಪ್ರಯೋಗಾಲಯ ಏನೂ ಬೇಡ, ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಸಾಕು. ಕಾರ್ಡಿಗಾಗಲಿ ಹಾಳೆಗಾಗಲಿ ಅಯೋಡಿನ್ ತಾಗದ ಹಾಗೆ, ನಾಲ್ಕನೇ ಖಾಲಿ ಜಾಗದ ಅಂಚಿನಿಂದ ಒಣ ಅಂಟಿನ ಒಂದು ಚೂರು ಕೆರೆದು ಗಾಜಿನ ತಟ್ಟೆಗೆ ಹಾಕಿದೆ. ಅಯೋಡಿನ್‌ಗೆ ನೀರು ಬೆರೆಸಿ ಒಂದು ಹನಿ ಬಿಟ್ಟೆ. ಕ್ಷಣದಲ್ಲಿ ಕಪ್ಪು-ನೀಲಿ. ಹೈಸ್ಕೂಲಿನಲ್ಲಿ ಆಲೂಗಡ್ಡೆಗೆ ಹಾಕಿದ್ದು ನೆನಪಿರಬೇಕಲ್ಲ, ಪಿಷ್ಟ ಇದ್ದಲ್ಲಿ ಅದೇ ಬಣ್ಣ. ಅಂದರೆ ಮನೆಯಲ್ಲೇ ಹಿಟ್ಟು ಕಾಯಿಸಿ ಮಾಡಿದ ಗಂಜಿ.

ನಮ್ಮೂರು ಬಂಟ್ವಾಳದ ಕಡೆ. ಅಲ್ಲಿ ಯಕ್ಷಗಾನದ ಪೋಸ್ಟರ್ ಗೋಡೆಗೆ ಅಂಟಿಸುವುದು ಇದೇ ಮೈದಾ ಗಂಜಿಯಲ್ಲಿ. ಬಕೆಟ್ಟು, ಹಳೇ ಪೊರಕೆ, ಎರಡು ಬೀಸು, ಮುಗಿಯಿತು. ಮಳೆಗಾಲ ಬಂದರೆ ಪೋಸ್ಟರ್ ತಾನಾಗಿ ಕಳಚಿ ಬೀಳುತ್ತದೆ. ಈ ಕೊನೆಯ ಸಂಗತಿಯೇ ನನಗೆ ಬೇಕಾದದ್ದು. ಗಂಜಿ ನೀರಿಗೆ ಸಡಿಲವಾಗುತ್ತದೆ.

ಸುಮ್ನೆ ನೀರಲ್ಲಿ ನೆನೆಸಿಬಿಡಬಾರದಾ ಅಂತ ಅನ್ನಿಸುತ್ತದೆ. ಕಾರ್ಡಿನ ಮುಖಕ್ಕೆ ಹೊಳಪಿನ ಲೇಪ ಇದೆ, ಒಳಗೆ ರಟ್ಟು ಇದೆ, ಎರಡೂ ನೀರಿಗೆ ಬೇರೆ ಬೇರೆ ಥರ ಹಿಗ್ಗುತ್ತವೆ. ಆದರೂ ನಾನು ಜಾಣನಲ್ಲ. ಗುಲಾಬಿ ಹೂವಿನ ಚಿತ್ರಕ್ಕೆ ಬೆಲೆ ಇಲ್ಲವಲ್ಲ ಅಂತ ಅದರ ಮೇಲೆ ಹತ್ತಿಯಲ್ಲಿ ನೀರು ಒತ್ತಿ, ಐದು ನಿಮಿಷ ಬಿಟ್ಟು, ಒಂದು ಮೂಲೆ ಹಿಡಿದು ಎತ್ತಿದೆ. ಬಣ್ಣ ಏನೂ ಕರಗಲಿಲ್ಲ, ಎಣ್ಣೆಯ ಶಾಯಿ ಅದು. ಆದರೆ ಮೇಲಿನ ಪದರ ಮಾತ್ರ ಹಾಲಿನ ಕೆನೆಯ ಹಾಗೆ ಎದ್ದು ಬಂತು, ಅರ್ಧ ಗುಲಾಬಿ ನನ್ನ ಕೈಯಲ್ಲಿ, ಅರ್ಧ ಹಾಳೆಯಲ್ಲಿ. ಆ ರಾತ್ರಿ ಕೆಲಸ ನಿಲ್ಲಿಸಿ ಮಲಗಿದೆ.

ಇನ್ನೊಂದು ದಾರಿ ಇತ್ತು, ಹೇಳಿದರೆ ನಗಬೇಡಿ. ಎಂಜಲು. ಕಲಾಕೃತಿಗಳನ್ನು ಶುಚಿ ಮಾಡುವವರು ಹತ್ತಿಗೆ ಎಂಜಲು ಮಾಡಿಕೊಂಡು ಒರೆಸುವುದು ನಿಜಕ್ಕೂ ಚಾಲ್ತಿಯಲ್ಲಿರುವ ಕ್ರಮ. ಎಂಜಲಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಇರುತ್ತದೆ, ಅದು ಪಿಷ್ಟವನ್ನು ಒಡೆಯುತ್ತದೆ. ಅದರ ಮೇಲೆ ಸಂಶೋಧನೆ ಮಾಡಿದ ಪೋರ್ಚುಗಲ್‌ನವರಿಗೆ 2018ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ) ಕೂಡ ಬಂದಿದೆ. ಪುಸ್ತಕದ ಹಾಳೆ ತಿರುಗಿಸಲು ಬೆರಳು ನಾಲಿಗೆಗೆ ಮುಟ್ಟಿಸಿದರೆ "ಸರಸ್ವತಿಗೆ ಎಂಜಲು ಮಾಡ್ತೀಯಾ" ಅಂತ ಅಜ್ಜಿಯಿಂದ ಬೈಸಿಕೊಂಡು ಬೆಳೆದವನು ನಾನು. ಹಾಳೆಯ ಮೂಲೆಯಲ್ಲಿ ಒಂದೇ ಒಂದು ಸಲ ಮಾಡಿ ನೋಡಿದೆ. ಕೆಲಸ ಮಾಡುತ್ತದೆ. ಪುಲಿಟ್ಜರ್‌ಗೆ ಮಾಡಲು ಮನಸ್ಸು ಬರಲಿಲ್ಲ.

ಕೊನೆಗೆ ಹಿಡಿದ ಕ್ರಮ ಇದು. ಕಾರ್ಡನ್ನು ಹಾಳೆಯಿಂದ ಎತ್ತುವುದಲ್ಲ, ಹಾಳೆಯನ್ನು ಕಾರ್ಡಿನಿಂದ ಸವೆಸುವುದು. ಪ್ರತಿ ಕಾರ್ಡಿನ ಸುತ್ತ ಅರ್ಧ ಇಂಚು ಬಿಟ್ಟು ಹಾಳೆ ಕತ್ತರಿಸಿಕೊಂಡೆ. ಗಾಜಿನ ಮೇಲೆ ಅಂಟದ ಸಿಲಿಕಾನ್ ಕಾಗದ ಹಾಸಿ ಕಾರ್ಡನ್ನು ಬೋರಲು ಮಲಗಿಸಿದೆ. ಸ್ಕಾಲ್ಪೆಲ್ ಬ್ಲೇಡನ್ನು ಹೆಚ್ಚುಕಮ್ಮಿ ಮಲಗಿಸಿಯೇ ಹಿಡಿದು, ಆಲ್ಬಮ್ ಕಾಗದವನ್ನು ಒಣಗಿದ ಹಾಗೆಯೇ ಪದರ ಪದರವಾಗಿ ಎಬ್ಬಿಸುತ್ತಾ ಹೋದೆ. ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ, ಆದರೆ ಈರುಳ್ಳಿ ನಾಲ್ಕು ಸಾವಿರ ರೂಪಾಯಿಯದ್ದು. ಒಂದು ಕಾರ್ಡಿಗೆ ಎರಡು ಗಂಟೆ. ಕೊನೆಯ ತೆಳು ಪದರದ ಕೆಳಗೆ ಗಂಜಿಯ ಹಳದಿ ಕಾಣತೊಡಗಿದಾಗ ಬ್ಲೇಡು ಕೆಳಗಿಡಬೇಕು.

ಅಲ್ಲಿಂದ ಮುಂದೆ ಮೀಥೈಲ್ ಸೆಲ್ಯುಲೋಸ್. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 4 ಗ್ರಾಂ ಪುಡಿ, ಹಿಂದಿನ ರಾತ್ರಿಯೇ ಕಲಸಿಟ್ಟರೆ ಬೆಳಗ್ಗೆಗೆ ಲೋಳೆಸರದ ತಿರುಳಿನ ಹಾಗೆ ಆಗಿರುತ್ತದೆ. ಇದರ ಗುಣ ಏನೆಂದರೆ ನೀರನ್ನು ಹಿಡಿದುಕೊಂಡು ನಿಧಾನಕ್ಕೆ ಬಿಡುತ್ತದೆ. ಗಂಜಿ ನೆನೆಯುತ್ತದೆ, ರಟ್ಟು ನೆನೆಯುವುದಿಲ್ಲ. ಕಾರ್ಡಿನ ಬೆನ್ನ ಮೇಲೆ ತೆಳು ಜಪಾನಿ ಕಾಗದ ಹಾಸಿ, ಅದರ ಮೇಲೆ ಜೆಲ್ ಸವರಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಹತ್ತು ನಿಮಿಷ ಕಳೆದು ತೆಗೆದರೆ ಗಂಜಿ ಉಬ್ಬಿ ಮೆತ್ತಗಾಗಿತ್ತು. ದಂತವೈದ್ಯರ ಚಪ್ಪಟೆ ಸಲಾಕೆಯಲ್ಲಿ ಒಂದೇ ದಿಕ್ಕಿಗೆ ತಳ್ಳುತ್ತಾ ಹೋದೆ, ದೋಸೆ ಕಾವಲಿಯ ಅಂಚಿನ ಹಿಟ್ಟು ಕೆರೆದ ಹಾಗೆ ಸುರುಳಿ ಸುರುಳಿಯಾಗಿ ಬಂತು. ನಾಲ್ಕು ಸಲ ಇದೇ ಕೆಲಸ. ಮೂರನೇ ಸಲಕ್ಕೆ ಪುಲಿಟ್ಜರ್‌ನ ಬೆನ್ನಲ್ಲಿ ಕಡ್ಡಿಯಂಥ ಗೆರೆಗಳು ಕಂಡವು. ನಾಲ್ಕನೇ ಸಲಕ್ಕೆ ಅವು ಅಕ್ಷರವಾದವು. ಅವನನ್ನು ಅಂಟಿಸಿದ ಮೇಲೆ ಆ ಪಟ್ಟಿಯನ್ನು ಓದಿದ ಮೊದಲ ಮನುಷ್ಯ ಬಹುಶಃ ನಾನೇ ಅನ್ನಿಸಿ, ಮಗಳನ್ನು ಕರೆದೆ. ಅವಳು ನೋಡಿ "ಅಪ್ಪ, ಬರೀ ಹೆಸರುಗಳು" ಅಂದು ಹೋದಳು.

ಪಟ್ಟಿಯಲ್ಲಿ ಡೇನಾನ ಹೆಸರಿದೆ, ಹಾಳೆಯಲ್ಲೂ ಅವನು ಪುಲಿಟ್ಜರ್‌ನ ಪಕ್ಕದಲ್ಲೇ ಅಂಟಿದ್ದ. ಅಂಟಿಸಿದವರಿಗೆ ಗೊತ್ತಿತ್ತೋ ಇಲ್ಲವೋ, ಈ ಕಾರ್ಡು ಬಂದ ವರ್ಷವೇ ಇಬ್ಬರೂ ಬೀದಿ ಜಗಳಕ್ಕೆ ಇಳಿದಿದ್ದರು. ಹಂಗೇರಿಯಿಂದ ಬರಿಗೈಯಲ್ಲಿ ಬಂದ ಪುಲಿಟ್ಜರ್ 1883ರಲ್ಲಿ 'ವರ್ಲ್ಡ್' ಕೊಂಡು ನಾಲ್ಕೇ ವರ್ಷದಲ್ಲಿ ಎಲ್ಲರನ್ನೂ ಹಿಂದಿಕ್ಕಿದ್ದ. ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪೀಠಕ್ಕೆ ಓದುಗರಿಂದಲೇ ಒಂದು ಲಕ್ಷ ಡಾಲರ್ ಎತ್ತಿದವನು ಅವನೇ. 'ಸನ್' 1868ರಿಂದ ಡೇನಾನ ಕೈಲಿತ್ತು, ಓದುಗರು ಕೈಬಿಟ್ಟು ಹೋಗುತ್ತಿದ್ದರು. 1887ರ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರ್ಕಾರಿ ವಕೀಲರ ಚುನಾವಣೆಯಲ್ಲಿ ಪುಲಿಟ್ಜರ್ ಒಬ್ಬ ಅಭ್ಯರ್ಥಿಯ ಕಡೆ, ಡೇನಾ ಇನ್ನೊಬ್ಬನ ಕಡೆ. ಡೇನಾ ದಿನಾ ತನ್ನ ಪತ್ರಿಕೆಯಲ್ಲಿ ಪುಲಿಟ್ಜರ್‌ನನ್ನು ಯೂದ (ಯೇಸುವಿಗೆ ದ್ರೋಹ ಬಗೆದ ಶಿಷ್ಯ) ಅಂತ ಕರೆದು, ಅವನ ಯಹೂದಿ ಹುಟ್ಟನ್ನೇ ಹಿಡಿದು ಹೀಯಾಳಿಸಿದ. ಚುನಾವಣೆಯಲ್ಲಿ ಗೆದ್ದದ್ದು ಡೇನಾನ ಕಡೆಯವನು. ಆ ಚಳಿಗಾಲದ ಹೊತ್ತಿಗೆ ಪುಲಿಟ್ಜರ್‌ನ ಕಣ್ಣೂ ಹೋಗುತ್ತಾ ಬಂದಿತ್ತು. ಇದೆಲ್ಲ ಓದಿದ ಮೇಲೆ ಡೇನಾನ ಬೆನ್ನು ಕೆರೆಯುವಾಗ ನನಗೆ ಅಷ್ಟು ಮಮತೆ ಇರಲಿಲ್ಲ. ಆಶ್ಚರ್ಯ ಅಂದರೆ ಅವನೇ ಎಲ್ಲರಿಗಿಂತ ಚೆನ್ನಾಗಿ ಬಿಡಿಸಿಕೊಂಡು ಬಂದ. ಒಂದು ಅಡ್ಡ ಬಿರುಕು ಮೊದಲೇ ಇತ್ತು, ಅಷ್ಟೇ.

ಎಡವಿದ್ದು ವಾಟರ್ಸನ್ ಹತ್ತಿರ. ಎರಡು ಗೆದ್ದ ಧೈರ್ಯ. ಜೆಲ್ಲನ್ನು ಹತ್ತು ನಿಮಿಷ ಬಿಡುವ ಬದಲು ಆರಕ್ಕೇ ತೆಗೆದೆ, ಫೋನು ಬಂದಿತ್ತು, ಮಾತಾಡುತ್ತಲೇ ಸಲಾಕೆ ತಳ್ಳಿದೆ. ಕೆಳಗಿನ ಬಲಮೂಲೆಯಲ್ಲಿ ಗಂಜಿಯ ಜೊತೆ ರಟ್ಟಿನ ಬೆನ್ನಿನ ಪದರವೂ ಎದ್ದು ಬಂತು. ಉಗುರಿನಷ್ಟು ಜಾಗ. ಮುಖಕ್ಕೆ ಏನೂ ಆಗಲಿಲ್ಲ, ಆದರೆ ಪಟ್ಟಿಯ ಕೊನೆಯ ಎರಡು ಸಾಲಿನ ತುದಿ ಹೋಯಿತು. ಯಾವುದನ್ನು ಉಳಿಸಲು ಹೊರಟಿದ್ದೆನೋ ಅದನ್ನೇ ಕೆಡಿಸಿದೆ. ಫೋನು ಮಾಡಿದವರ ತಪ್ಪೇನಿಲ್ಲ.

ಆ ಮೂಲೆ ಈಗ ಬಾಳೆ ಎಲೆಯ ತುದಿಯ ಹಾಗೆ ಬಳುಕುತ್ತಿತ್ತು, ತೇಪೆ ಹಾಕಲೇಬೇಕು. ತೇಪೆಗೆ ಅಂಟು ಯಾವುದು ಗೊತ್ತಾ? ಮತ್ತೆ ಗೋಧಿ! ಆದರೆ ಮೈದಾ ಅಲ್ಲ, ಗೋಧಿಯ ಬರೀ ಪಿಷ್ಟ. ಮೈದಾದಲ್ಲಿ ಜಿಗುಟಿನ ಅಂಶ ಇರುತ್ತದೆ, ಕಾಲ ಕಳೆದ ಹಾಗೆ ಗಟ್ಟಿಯಾಗಿ ಹಳದಿಯಾಗುತ್ತದೆ, ಹುಳಗಳಿಗೂ ಇಷ್ಟ. ಅದನ್ನು ತೆಗೆದುಬಿಟ್ಟರೆ ಉಳಿಯುವ ಪಿಷ್ಟ ನೂರು ವರ್ಷದ ಮೇಲೂ ನೀರಿಗೆ ಬಿಟ್ಟುಕೊಡುತ್ತದೆ. ಹಲ್ವಾಕ್ಕೆ ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ ಇಟ್ಟರೆ ಪಾತ್ರೆಯ ತಳದಲ್ಲಿ ಬೆಳ್ಳಗೆ ಕೂರುತ್ತದಲ್ಲ, ಅದೇ ಇದು. ನಾನು ಕೊಂಡ ಪುಡಿಯನ್ನೇ ಬಳಸಿದೆ. ಒಂದು ಪಾಲು ಪಿಷ್ಟಕ್ಕೆ ನಾಲ್ಕು ಪಾಲು ನೀರು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಮೊದಲು ಹಾಲಿನ ಹಾಗೆ ಇದ್ದದ್ದು ಒಮ್ಮೆಲೇ ಗಟ್ಟಿಯಾಗಿ, ಆಮೇಲೆ ಸಂಡಿಗೆ ಹಿಟ್ಟಿನ ಹಾಗೆ ಕನ್ನಡಿಯಾಗುತ್ತದೆ. ಆರಿದ ಮೇಲೆ ಜರಡಿಯಲ್ಲಿ ಮೂರು ಸಲ ಒತ್ತಿದರೆ ಗಂಟಿಲ್ಲದ ಅಂಟು ಸಿದ್ಧ. ಹೆಂಡತಿ ಬಂದು ನೋಡಿ "ಇದಕ್ಕೆ ಜೀರಿಗೆ ಹಾಕಲಿಲ್ವಾ ನೀವು" ಅಂತ ಕೇಳಿದಳು.

ತೇಪೆಗೆ ಜಪಾನಿ ಕಾಗದವನ್ನು ಕತ್ತರಿಸಬಾರದು, ಸೂಜಿಯಲ್ಲಿ ಗೆರೆ ಎಳೆದು ಹರಿಯಬೇಕು, ಆಗ ಅಂಚಿನಲ್ಲಿ ನಾರು ಉಳಿದು ಕೂಡಿಕೊಳ್ಳುತ್ತದೆ. ಜಲವರ್ಣದಲ್ಲಿ ಅದಕ್ಕೆ ಚಹಾದ ಬಣ್ಣ ಹಚ್ಚಿ ಒಣಗಿಸಿ ಎರಡು ಪದರ ಕೂರಿಸಿದೆ. ಹೋದ ಅಕ್ಷರಗಳನ್ನು ಬರೆಯಲು ಹೋಗಲಿಲ್ಲ. ಕಾಣುವ ತೇಪೆಯೇ ವಾಸಿ.

ಒದ್ದೆ ಕಾರ್ಡು ಒಣಗುವಾಗ ಬಾಗುತ್ತದೆ, ಹಾಗಾಗಿ ಒತ್ತಿಡಬೇಕು. ಕಾರ್ಡಿನ ಎರಡೂ ಬದಿಗೆ ಅಂಟದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಕೆಳಗೆ ದಪ್ಪ ಬ್ಲಾಟಿಂಗ್ ಕಾಗದ, ಮೇಲೆ ಗಾಜು, ಗಾಜಿನ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ 20 ಪೌಂಡಿನ ಸೋನಾ ಮಸೂರಿ ಚೀಲ. ಬ್ಲಾಟಿಂಗ್ ಕಾಗದವನ್ನು ಕಾಲು ಗಂಟೆಗೊಮ್ಮೆ, ಆಮೇಲೆ ಒಂದು ಗಂಟೆಗೆ, ಆಮೇಲೆ ದಿನಕ್ಕೊಂದು ಸಲ ಬದಲಿಸಿದೆ. ಒಂದು ವಾರ ಹಾಗೇ ಬಿಟ್ಟೆ. ನಡುವೆ ಅಕ್ಕಿ ಖಾಲಿಯಾಗಿ, ಡಂಬೆಲ್ ಬಂದು ಕೂತಿತು.

ಆ ವಾರ ಓದುತ್ತಾ ಕೂತಾಗ ಗೊತ್ತಾಯಿತು, ವಾಟರ್ಸನ್‌ಗೆ 1918ರಲ್ಲಿ ಸಂಪಾದಕೀಯಕ್ಕೆ ಪ್ರಶಸ್ತಿ ಬಂದಿದೆ. ಯಾವ ಪ್ರಶಸ್ತಿ? ಪುಲಿಟ್ಜರ್ ಪ್ರಶಸ್ತಿ! ಅದಕ್ಕೂ 31 ವರ್ಷ ಮೊದಲು ಇಬ್ಬರೂ ಒಂದೇ ಸರಣಿಯ ಸಿಗರೇಟು ಪ್ಯಾಕಿನಲ್ಲಿ ಇದ್ದವರು. ಮೊದಲೇ ಓದಿದ್ದರೆ ಆ ಫೋನು ಎತ್ತುತ್ತಿರಲಿಲ್ಲವೋ ಏನೋ.

ಇನ್ನೊಂದು ಓದಿದ್ದು ಬಾನ್ಸಾಕ್ ಯಂತ್ರದ ವಿಷಯ. ನಮ್ಮಜ್ಜಿ ಬೀಡಿ ಕಟ್ಟುತ್ತಿದ್ದವರು, ದಿನಕ್ಕೆ ಸಾವಿರ ಕಟ್ಟಿದರೆ ದೊಡ್ಡದು. ಆಲನ್ ಆಂಡ್ ಗಿಂಟರ್‌ನಲ್ಲೂ ಹುಡುಗಿಯರು ಕೈಯಲ್ಲೇ ಸಿಗರೇಟು ಸುತ್ತುತ್ತಿದ್ದರು. ಸುತ್ತುವ ಯಂತ್ರ ಮಾಡಿದವರಿಗೆ 75,000 ಡಾಲರ್ ಬಹುಮಾನ ಅಂತ ಕಂಪನಿಯೇ ಸಾರಿತ್ತು. ವರ್ಜೀನಿಯಾದವನೇ ಆದ ಜೇಮ್ಸ್ ಬಾನ್ಸಾಕ್ ಮಾಡಿದ ಯಂತ್ರಕ್ಕೆ 1881ರಲ್ಲಿ ಪೇಟೆಂಟ್ ಸಿಕ್ಕಿತು, ಹತ್ತು ಗಂಟೆಯ ಕೆಲಸದಲ್ಲಿ ಸುಮಾರು 1,20,000 ಸಿಗರೇಟು. ಆದರೆ ಇವರು ಅದನ್ನು ನೆಚ್ಚಿಕೊಳ್ಳಲಿಲ್ಲ. ಪಕ್ಕದ ರಾಜ್ಯದ ಸಿಗರೇಟು ವ್ಯಾಪಾರಿ ಜೇಮ್ಸ್ ಡ್ಯೂಕ್ ನೆಚ್ಚಿಕೊಂಡ. 1890ಕ್ಕೆ ಇವರ ಕಂಪನಿ ಡ್ಯೂಕ್‌ನ ಅಮೆರಿಕನ್ ಟೊಬ್ಯಾಕೊ ಕಂಪನಿಯೊಳಗೆ ಸೇರಿಹೋಯಿತು.

ಇಡುವುದಕ್ಕೆ ಚೌಕಟ್ಟು ಬೇಕಲ್ಲ. ಮತ್ತೆ ಅಂಟು ಹಚ್ಚುವ ಮಾತೇ ಇಲ್ಲ. ಈ ಕಾರ್ಡುಗಳಿಗೆಲ್ಲ ಎನ್1, ಎನ್28 ಅಂತ ನಂಬರು ಕೊಟ್ಟವನು ಜೆಫರ್ಸನ್ ಬರ್ಡಿಕ್, ಸಿರಾಕ್ಯೂಸ್ ಊರಿನವನು. ನಮ್ಮ ಸಂಪಾದಕರೇ ಎನ್1. ಸಂಧಿವಾತದ ಕೈಯಲ್ಲೇ ಮೂರು ಲಕ್ಷಕ್ಕೂ ಜಾಸ್ತಿ ಕಾರ್ಡು, ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಅಲ್ಲೇ ವರ್ಷಗಟ್ಟಲೆ ಕೂತು ಆಲ್ಬಮ್ಮಿಗೆ ಅಂಟಿಸಿದ. ಹೌದು, ಅವನೂ ಅಂಟಿಸಿದ. ಪುಣ್ಯಾತ್ಮ ಅಂತ ಕೈಮುಗಿಯುತ್ತೇನೆ, ಆದರೆ ಅನುಸರಿಸಲಾರೆ.

ನಾನು ಮಾಡಿದ್ದು ಪಾಲಿಯೆಸ್ಟರ್ ಹಾಳೆಯ ಲಕೋಟೆ. ಕಾರ್ಡಿಗಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದು, ಎರಡು ಬದಿಗೆ ಮಾತ್ರ 3ಎಂ 415 ಅನ್ನುವ ಎರಡೂ ಕಡೆ ಅಂಟುವ ಟೇಪು, ಟೇಪಿಗೂ ಕಾರ್ಡಿಗೂ ನಡುವೆ 5 ಮಿ.ಮೀ. ಅಂತರ, ಉಳಿದೆರಡು ಬದಿ ಗಾಳಿಗೆ ತೆರೆದಿದೆ. ಆಮ್ಲವಿಲ್ಲದ ಎರಡು ಮ್ಯೂಸಿಯಂ ಬೋರ್ಡಿನಲ್ಲಿ 44 × 76 ಮಿ.ಮೀ. ಕಿಟಕಿಗಳನ್ನು ಕೊರೆದು, ಲಕೋಟೆಯನ್ನು ನಡುವೆ ಸ್ಯಾಂಡ್‌ವಿಚ್ ಮಾಡಿದೆ. ಎಡಬದಿಗೆ ಬಟ್ಟೆಯ ಪಟ್ಟಿ ಹಾಕಿ ಪುಸ್ತಕದ ಹಾಗೆ ತಿರುಗುವಂತೆ ಮಾಡಿದ್ದರಿಂದ, ಈ ಕಡೆ ಮುಖ, ತಿರುಗಿಸಿದರೆ ಬೆನ್ನು. ಮೊದಲ ಬೋರ್ಡಿನಲ್ಲಿ ಕಿಟಕಿಯ ಅಳತೆ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಮಾಡಬೇಕೆನ್ನುವುದು ಮರೆತು, ಎರಡು ಬೋರ್ಡು ಹಾಳಾಯಿತು.

ಕಿಟಕಿ ನಾಲ್ಕು ಕೊರೆದೆ. ನಾಲ್ಕನೇ ಕಾರ್ಡಿನ ಸಿಪ್ಪೆಯನ್ನೂ ಅದೇ ಜೆಲ್ಲಿನಲ್ಲಿ ಬಿಡಿಸಿದ್ದೆ. ಬೀಡಿ ಎಲೆಗಿಂತ ತೆಳ್ಳಗೆ, ಮೇಲಿನ ಅರ್ಧ ಮಾತ್ರ ಇದೆ. ತಿರುಗಿಸಿದಾಗ ಕಂಪನಿಯ ಹೆಸರು, ಹನ್ನೊಂದು ಸಂಪಾದಕರ ಹೆಸರು ನೆಟ್ಟಗೆ ಓದಲು ಬಂತು. ವಾಟರ್ಸನ್‌ನಲ್ಲಿ ನಾನು ಕಳೆದ ಎರಡು ಸಾಲು ಅದರಲ್ಲಿ ಇಲ್ಲ. ಈಗ ಅದು ನಾಲ್ಕನೇ ಕಿಟಕಿಯಲ್ಲಿದೆ. ಬೆನ್ನಿನ ಕಡೆಯಿಂದ ಪಟ್ಟಿ ಕಾಣುತ್ತದೆ, ಮುಖದ ಕಡೆಯಿಂದ ಹರಿದ ನಾರು.